ಹತ್ತು ಡಾಲರಿನ ತಪಾಸಣೆ

ಪರವಾನಗಿ ಇಲ್ಲದ ಕ್ಲಿನಿಕ್ಕಿಗೋ ಗೋದಾಮಿಗೋ ಕ್ಯಾಮೆರಾ ನುಗ್ಗುತ್ತದೆ. ಮಾಲೀಕ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾನೆ, ವರದಿಗಾರ ಏದುಸಿರಿನಲ್ಲಿ ಪ್ರಶ್ನೆ ಕೇಳುತ್ತಾನೆ, ಸಂಜೆಯೊಳಗೆ ಅಧಿಕಾರಿಗಳು ಬಂದು ಬೀಗ ಜಡಿಯುತ್ತಾರೆ. ‘ನಮ್ಮ ವರದಿಯ ಫಲಶ್ರುತಿ’ ಎಂದು ಅದೇ ದೃಶ್ಯ ರಾತ್ರಿಯೆಲ್ಲ ತಿರುಗುತ್ತದೆ. ಅಷ್ಟು ವರ್ಷ ಆ ಬಾಗಿಲ ಮುಂದೆಯೇ ಓಡಾಡಿದ ಅಧಿಕಾರಿ ಬೀಗ ಹಿಡಿದು ಬಂದಾಗ ಕತೆಯ ನಾಯಕನಾಗಿಬಿಡುತ್ತಾನೆ. ಈ ಬಗೆಯ ವರದಿಗಾರಿಕೆಯ ಮುಖ್ಯ ದೋಷ ಇಲ್ಲಿದೆ. ಅದರ ಅಬ್ಬರವನ್ನಾದರೂ ಸಹಿಸಬಹುದು, ಆದರೆ ಅದು ತಪ್ಪು ಜಾಗದಲ್ಲಿ ನಿಂತುಬಿಡುತ್ತದೆ. ಪರವಾನಗಿ ಇಲ್ಲದ ವ್ಯಾಪಾರ ಒಬ್ಬ ಮಾಲೀಕನ ಧೈರ್ಯದಿಂದ ಮಾತ್ರ ನಡೆಯುವುದಿಲ್ಲ. ಅದನ್ನು ಕಂಡೂ ಕಾಣದಂತಿರಲು ಯಾರೋ ಒಪ್ಪಿರಬೇಕು. ಆ ಒಪ್ಪಂದ ಹೇಗೆ, ಎಷ್ಟಕ್ಕೆ ಕುದುರಿತು ಎಂಬುದನ್ನು ಬಯಲು ಮಾಡದ ವರದಿಯನ್ನು ತನಿಖೆ ಎಂದು ಕರೆಯುವುದು ಕಷ್ಟ.

ಇದಕ್ಕೊಂದು ಹಳೆಯ ಅಳತೆಗೋಲಿದೆ. 1977ರಲ್ಲಿ ಅಮೆರಿಕದ ‘ಶಿಕಾಗೊ ಸನ್-ಟೈಮ್ಸ್’ ಪತ್ರಿಕೆ ‘ಬೆಟರ್ ಗವರ್ನಮೆಂಟ್ ಅಸೋಸಿಯೇಷನ್’ ಎಂಬ ನಾಗರಿಕ ಸಂಸ್ಥೆಯ ಜೊತೆ ಸೇರಿ ವೆಲ್ಸ್ ಸ್ಟ್ರೀಟಿನಲ್ಲಿ ಒಂದು ಹಳೇ ಬಾರನ್ನೇ ಖರೀದಿಸಿತು. ಹೆಸರು ‘ಮಿರಾಜ್’, ಅಂದರೆ ಮರೀಚಿಕೆ! ನಗರಸಭೆಯ ಇನ್‌ಸ್ಪೆಕ್ಟರುಗಳು ಸಣ್ಣ ವ್ಯಾಪಾರಿಗಳಿಂದ ಮಾಮೂಲು ಕೀಳುತ್ತಾರೆಂದು ಊರಿಗೆಲ್ಲ ಗೊತ್ತಿತ್ತು, ಆದರೆ ಹೆಸರು ಹಾಕಿ ದೂರು ಕೊಡುವ ವ್ಯಾಪಾರಿ ಒಬ್ಬನೂ ಸಿಗುತ್ತಿರಲಿಲ್ಲ. ಹಾಗಾಗಿ ವರದಿಗಾರ್ತಿ ಪಮೇಲಾ ಜೆಕ್‌ಮನ್ ಮತ್ತು ಸಂಗಡಿಗರು ತಾವೇ ವ್ಯಾಪಾರಿಗಳಾದರು. ಜೇ ಸ್ಮಿತ್ ಎಂಬ ವರದಿಗಾರ ಗಲ್ಲೆಯ ಹಿಂದೆ ನಿಂತು ಬಿಯರ್ ಸುರಿದ. ಗೋಡೆಯ ಮರೆಯ ಇಕ್ಕಟ್ಟಿನಲ್ಲಿ ಛಾಯಾಗ್ರಾಹಕರು ಅಡಗಿದರು. ವೈರಿಂಗ್ ಕೆಟ್ಟಿತ್ತು, ಕೊಳಾಯಿ ಸೋರುತ್ತಿತ್ತು. ಬೇಕೆಂದೇ ಅವನ್ನು ಹಾಗೆಯೇ ಬಿಟ್ಟರು. ಅಗ್ನಿಶಾಮಕ ತಪಾಸಣೆಗೆ ಬಂದವನು ಹತ್ತು ಡಾಲರಿಗೆ ತೃಪ್ತನಾದ. ಯಾವ ಇಲಾಖೆಯವನಿಗೆ ಲಕೋಟೆಯಲ್ಲಿ ಎಷ್ಟಿಡಬೇಕು, ತೆರಿಗೆ ತಪ್ಪಿಸಲು ಲೆಕ್ಕ ಹೇಗೆ ಬರೆಯಬೇಕು ಎಂದು ಅಕೌಂಟೆಂಟನೇ ಪಾಠ ಹೇಳಿದ. ಮುಂದಿನ ವರ್ಷದ ಜನವರಿಯಿಂದ 25 ಕಂತುಗಳಲ್ಲಿ ಇದೆಲ್ಲ ಅಚ್ಚಾಯಿತು. ಇನ್‌ಸ್ಪೆಕ್ಟರುಗಳಲ್ಲಿ ಹಲವರು ಕೆಲಸ ಕಳೆದುಕೊಂಡರು, ಕೆಲವರಿಗೆ ಶಿಕ್ಷೆಯೂ ಆಯಿತು.

ಮಿರಾಜ್ ಪ್ರಯೋಗವನ್ನು ಮೆಚ್ಚುವವರು ಸಾಮಾನ್ಯವಾಗಿ ವೇಷವನ್ನು ಮೆಚ್ಚುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ ತಂಡದ ಶಿಸ್ತು. ಯಾರಿಗೂ ತಾವಾಗಿ ಹಣ ಚಾಚಬಾರದು, ಬಾಯಿಬಿಟ್ಟೋ ಸನ್ನೆಯಿಂದಲೋ ಕೇಳಿದರೆ ಮಾತ್ರ ಕೊಡಬೇಕು ಎಂಬ ಕಟ್ಟುನಿಟ್ಟು ಅವರಲ್ಲಿತ್ತು. ಒಪ್ಪಿಗೆಯಿಲ್ಲದೆ ಮಾತು ಮುದ್ರಿಸಿಕೊಳ್ಳಲು ಇಲಿನಾಯ್ ರಾಜ್ಯದ ಕಾನೂನು ಬಿಡದ್ದರಿಂದ ಚಿತ್ರಗಳನ್ನೂ ಕೈಬರಹದ ಟಿಪ್ಪಣಿಗಳನ್ನೂ ನೆಚ್ಚಿಕೊಂಡರು. ಇಂಥ ತಾಳ್ಮೆಯಿಂದಾಗಿಯೇ ಒಬ್ಬ ಲಂಚಕೋರನ ಬದಲು ಲಂಚದ ದರಪಟ್ಟಿ ಸಿಕ್ಕಿತು. ಈ ದರಪಟ್ಟಿಯ ಬೆಲೆ ಏನೆಂದು ತಿಳಿಯಲು ಶಿಕಾಗೊವರೆಗೆ ಹೋಗಬೇಕಿಲ್ಲ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಹೊತ್ತಿ ಉರಿದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುತೇಕರು ದೀಪಾವಳಿಯ ಹೊತ್ತಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು. ಆ ಮಳಿಗೆಗೆ ಪರವಾನಗಿ ಇತ್ತು. ಸುರಕ್ಷತೆಯ ನಿಯಮಗಳು ಮಾತ್ರ ಕಾಗದದಲ್ಲೇ ಉಳಿದಿದ್ದವು. ದುರಂತದ ಬಳಿಕ ಅಧಿಕಾರಿಗಳ ಅಮಾನತಾಯಿತು. ಪರವಾನಗಿ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟ ವರದಿಗಾರ ಬೆಂಕಿಗೆ ಒಂದು ವಾರ ಮುಂಚೆ ಅಲ್ಲಿಗೆ ಹೋಗಿದ್ದರೂ ಕಾಗದ ನೋಡಿ ತೃಪ್ತನಾಗಿ ಮರಳುತ್ತಿದ್ದನೇನೋ. ಸ್ಥಳ ಪರಿಶೀಲನೆ ಮಾಡಿದವರು ಯಾರು, ಯಾವತ್ತು, ಏನು ಬರೆದರು ಎಂದು ಕೇಳುವವನಿಗಷ್ಟೇ ಅಲ್ಲಿ ಸುದ್ದಿ ಕಾಣುತ್ತಿತ್ತು.

ಸುಳ್ಳು ಹೇಳಿ ಸತ್ಯ ತರುವುದು ಪತ್ರಿಕಾಧರ್ಮವೇ ಎಂಬ ಆಕ್ಷೇಪ ಮಿರಾಜ್‌ಗೂ ಎದುರಾಯಿತು. 1979ರಲ್ಲಿ ಪುಲಿಟ್ಜರ್ ಪ್ರಶಸ್ತಿ ಅದರ ಕೈತಪ್ಪಿದ್ದು ಇದೇ ಕಾರಣಕ್ಕೆ. ‘ವಾಷಿಂಗ್ಟನ್ ಪೋಸ್ಟ್’ನ ಬೆನ್ ಬ್ರಾಡ್ಲಿಯಂಥವರೇ ಮಂಡಳಿಯಲ್ಲಿ ಕುಳಿತು ವೇಷ ಹಾಕಿದ ವರದಿಯನ್ನು ಒಪ್ಪಲಿಲ್ಲ. ಆಕ್ಷೇಪ ಹುರುಳಿಲ್ಲದ್ದಲ್ಲ. 2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿಯೊಬ್ಬರ ಮೇಲೆ ವಾಹಿನಿಯೊಂದು ಕಟ್ಟುಕತೆಯ ಕುಟುಕು ಕಾರ್ಯಾಚರಣೆ ಪ್ರಸಾರ ಮಾಡಿತು. ಉದ್ರಿಕ್ತ ಜನ ಆಕೆಯ ಮೇಲೆ ಹಲ್ಲೆಗಿಳಿದರು, ಕತೆ ಸುಳ್ಳೆಂದು ಆಮೇಲೆ ತಿಳಿಯಿತು. ಸರ್ಕಾರ ಆ ವಾಹಿನಿಯ ಪ್ರಸಾರವನ್ನೇ ಒಂದು ತಿಂಗಳು ನಿಲ್ಲಿಸಿತು. ಆದರೂ ಬ್ರಾಡ್ಲಿಯ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ವ್ಯಾಪಾರಿಗಳು ಹೆದರಿ ಬಾಯಿ ಮುಚ್ಚಿದ್ದಾಗ, ಕಡತಗಳಲ್ಲಿ ಎಲ್ಲವೂ ಸರಿಯಾಗಿದ್ದಾಗ ಶಿಕಾಗೊದವರಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ವಾಹಿನಿಗಳಿಗೆ ಆ ಸಮಜಾಯಿಷಿ ಸುಲಭಕ್ಕೆ ಸಲ್ಲದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪರವಾನಗಿಯ ಕಡತವನ್ನೂ ತಪಾಸಣೆಯ ಟಿಪ್ಪಣಿಯನ್ನೂ ಹತ್ತು ರೂಪಾಯಿ ಅರ್ಜಿಯಲ್ಲಿ ಕೇಳಬಹುದು. ಅದು ಬೇಸರದ ಕೆಲಸ, ತಿಂಗಳುಗಟ್ಟಲೆ ಅಲೆದಾಟ, ತೆರೆಯ ಮೇಲೆ ತೋರಿಸಲು ದೃಶ್ಯವೂ ಇಲ್ಲ. ಆ ಬೇಸರ ಮುಗಿಸಿದವನಿಗೆ ಮಾತ್ರ ಗುಪ್ತ ಕ್ಯಾಮೆರಾ ಮುಟ್ಟುವ ಹಕ್ಕು ಇರಬೇಕು.

ಇಂಥ ವರದಿಗಳಿಂದ ಹೊಟ್ಟೆಪಾಡಿನವರೇ ಬೀದಿಗೆ ಬೀಳುತ್ತಾರೆ ಎಂಬ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಹಳ್ಳಿಯ ನಕಲಿ ವೈದ್ಯನನ್ನು ಹಿಡಿದುಕೊಟ್ಟ ಮರುದಿನ ಆ ಊರಿನ ಜ್ವರಕ್ಕೆ ಔಷಧ ಕೊಡುವವರು ಯಾರು? ಹಾಗೆಂದು ಅವನನ್ನು ಬಿಟ್ಟುಬಿಡಲಾಗದು. ತಪ್ಪು ಚುಚ್ಚುಮದ್ದಿಗೆ ಬಲಿಯಾಗುವವನೂ ಬಡವನೇ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಅದರಡಿಯ ನೋಂದಣಿ ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿ. ಆದ್ದರಿಂದ ಪ್ರಶ್ನೆಯನ್ನು ಯಾರ ಮುಂದಿಡಬೇಕೆಂದು ಕತ್ತಲಲ್ಲಿ ತಡಕಾಡಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಖಾಲಿ ಹುದ್ದೆಯನ್ನೂ ನಕಲಿ ವೈದ್ಯನ ಬೋರ್ಡನ್ನೂ ಒಂದೇ ವರದಿಯಲ್ಲಿ ತಂದರೆ ಈ ಆಕ್ಷೇಪಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಮಿರಾಜ್ ಸಹ ಎಡವಿದ ಜಾಗ ಇಂಥದ್ದೇ. ಅದರ ಬರವಣಿಗೆಯಲ್ಲಿ ಹಾಸ್ಯ ಹೆಚ್ಚು, ಓದುಗ ನಗುತ್ತಾ ಮುಂದೆ ಹೋಗುತ್ತಾನೆ. ಕೆಟ್ಟ ವೈರಿಂಗಿನಿಂದ ಸುಟ್ಟುಕೊಂಡವರು ಯಾರು ಎಂದು ಅದು ಹೆಚ್ಚು ಹುಡುಕಲಿಲ್ಲ. ಹತ್ತು ಡಾಲರ್ ಪಡೆದವನು ಸಿಕ್ಕಿಬಿದ್ದ. ಅವನಿಗೆ ಆ ಧೈರ್ಯ ಕೊಟ್ಟ ರಾಜಕೀಯದ ಮೇಲಿನ ಮೆಟ್ಟಿಲುಗಳಿಗೆ ಏಟು ಬಿದ್ದದ್ದು ಕಡಿಮೆ. ಇಷ್ಟಾದರೂ ಅದು ಮಾಲೀಕನ ಮುಖದಿಂದ ಇಲಾಖೆಯ ಕಡೆಗೆ ಕ್ಯಾಮೆರಾ ತಿರುಗಿಸಿತು, ನಮ್ಮ ದಾಳಿ ವರದಿಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೂ ತಲುಪಿಲ್ಲ. ಸಂಪಾದಕರಲ್ಲಿ ಕೇಳಬೇಕಾದ್ದು ಇಷ್ಟೇ: ಬೀಗ ಬಿದ್ದ ಅಂಗಡಿಗೆ ಆರು ತಿಂಗಳ ನಂತರ ಇನ್ನೊಮ್ಮೆ ವರದಿಗಾರನನ್ನು ಕಳಿಸಿ, ಬಾಗಿಲು ಮತ್ತೆ ತೆರೆದಿದ್ದರೆ ತೆರೆಯಲು ಬಿಟ್ಟ ಅಧಿಕಾರಿಯ ಹುದ್ದೆಯನ್ನೂ ಸಹಿ ಬಿದ್ದ ದಿನವನ್ನೂ ಮೊದಲ ಸಾಲಿನಲ್ಲೇ ಅಚ್ಚು ಹಾಕಿ.