ಹೆಚ್ಚಾಗಿ ಬಂದ ಅಕ್ಕಿ

ಸ್ಟಾಕ್‌ಹೋಮಿನ ಉತ್ತರಕ್ಕಿರುವ ಕಿಸ್ಟಾದಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದರೆ ಕಾಯಕದ ಮಾತು ಬಂದೇ ಬರುತ್ತದೆ. ಎರಿಕ್ಸನ್ ಮತ್ತಿತರ ಕಂಪನಿಗಳ ನಡುವೆ ಬದುಕುವ ನಮಗೆ ಶರಣರ ಆ ತತ್ವ ಬಲು ಅನುಕೂಲ. ಸಂಸಾರ ಬಿಡಬೇಕಿಲ್ಲ, ಕಾಡಿಗೆ ಹೋಗಬೇಕಿಲ್ಲ, ದುಡಿದರೆ ಸಾಕು, ಅದೇ ಪೂಜೆ ಎಂದುಕೊಳ್ಳುತ್ತೇವೆ. ಈ ಓದು ಅರ್ಧ ಮಾತ್ರ ಸರಿ ಎಂಬುದು ನನ್ನ ತಕರಾರು.

ಉಳಿದರ್ಧ ಆಯ್ದಕ್ಕಿ ಲಕ್ಕಮ್ಮನಲ್ಲಿದೆ. 12ನೇ ಶತಮಾನದ ಈ ಶರಣೆಯ ಪತಿ ಮಾರಯ್ಯನ ಕಾಯಕ, ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಅದರಲ್ಲೇ ದಂಪತಿಯ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಮೆಚ್ಚಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹೇಳಿದಳು ಎನ್ನುತ್ತದೆ ಕಥೆ. ಅವಳ ವಚನದ ದನಿ ಉಪದೇಶದ್ದಲ್ಲ, ಮನೆಯಾಕೆ ಗಂಡನನ್ನು ನೇರವಾಗಿ ಪ್ರಶ್ನಿಸುವ ದನಿ. ಅದೇ ಅದರ ಬಲ.

ಇದನ್ನು ತೃಪ್ತಿಯ ಕಥೆ ಎಂದು ಓದುವುದು ಸುಲಭ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂಬರ್ಥದ ಸ್ವೀಡಿಷರ 'ಲಾಗೊಂ' ಎಂಬ ಮಾತಿಗೆ ಇದನ್ನು ಜೋಡಿಸಿ ನಾನೂ ಸಂತೋಷಪಟ್ಟಿದ್ದೆ. ಆದರೆ ಲಕ್ಕಮ್ಮ ಅದಕ್ಕಿಂತ ಕಠಿಣ. ಆ ಅಕ್ಕಿ ಅವಳ ಹೊಟ್ಟೆಗಷ್ಟೇ ಅಲ್ಲ, ಜಂಗಮರ ಎಲೆಗೂ ಹೋಗುತ್ತಿತ್ತು. ದಾಸೋಹಕ್ಕೆಂದು ಕೂಡಿಸಿದರೂ ಆಸೆ ಆಸೆಯೇ ಎಂಬುದು ಅವಳ ನಿಲುವು. ಲೆಕ್ಕಿಗನ ಮಾತಿನಲ್ಲಿ ಹೇಳುವುದಾದರೆ, ಖರ್ಚಿನ ಕಡೆ ಎಷ್ಟೇ ಪುಣ್ಯ ಬರೆದರೂ ಜಮೆಯ ಕಡೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದು ನನಗೆ ತಾಗಿದ್ದು ಕಳೆದ ಚಳಿಗಾಲ. ಕಚೇರಿ ಮುಗಿಸಿ ಬಂದ ಮೇಲೆ ಸಂಜೆ ಇನ್ನೆರಡು ಸಣ್ಣ ಅಂಗಡಿಗಳ ಲೆಕ್ಕ ಬರೆಯಲು ಒಪ್ಪಿದ್ದೆ. ಆ ದುಡ್ಡಿನಲ್ಲಿ ಊರಿನ ಶಾಲೆಗೂ ಒಂದಿಷ್ಟು ಕಳಿಸುತ್ತೇನಲ್ಲ ಎಂಬ ಸಮಾಧಾನವಿತ್ತು. ಮಗಳ ಜೊತೆ ಕೂತು ಊಟ ಮಾಡಿ ತಿಂಗಳಾಗಿತ್ತು. "ಶಾಲೆಗೆ ಕಳಿಸಿ, ಬೇಡ ಅನ್ನಲ್ಲ. ಅದನ್ನೇ ನೆಪ ಮಾಡ್ಕೋಬೇಡಿ ರೀ" ಎಂದಳು ನನ್ನವಳು. ಅವಳು ವಚನ ಓದಿದವಳಲ್ಲ.

ಹಾಗೆಂದು ಲಕ್ಕಮ್ಮ ದುಡಿಮೆ ಬಿಡು ಎನ್ನುವವಳಲ್ಲ. ಶೂನ್ಯಸಂಪಾದನೆಯಲ್ಲಿ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕ ನಿಂತಿದೆ ಎಂದು ಎಚ್ಚರಿಸುವವಳೂ ಅವಳೇ. ಲೋಕದಲ್ಲಿದ್ದೇ ಸಾಧನೆ ಮಾಡುವವನು ಎರಡು ಕಡೆ ಜಾರಬಹುದು: ಅಧ್ಯಾತ್ಮದ ಹೆಸರಿನಲ್ಲಿ ಕೆಲಸ ಬಿಡುವುದು, ಕೆಲಸದ ಹೆಸರಿನಲ್ಲಿ ಅಳತೆ ಬಿಡುವುದು. ನಾವು ಮೊದಲನೆಯದಕ್ಕಷ್ಟೇ ಹೆದರುತ್ತೇವೆ.

ಊರಲ್ಲಿ ಅಪ್ಪ ಅಮ್ಮನ ಔಷಧಿ, ಇಲ್ಲಿ ಮನೆ ಸಾಲ. ಇವುಗಳ ನಡುವೆ ಸಾಕು ಎನ್ನುವುದು ಎಲ್ಲಿಗೆ? ಲಕ್ಕಮ್ಮ ಅಂಕಿ ಹೇಳುವುದಿಲ್ಲ. ದಿನವೂ ತಂದದ್ದನ್ನು ನೋಡಬೇಕು, ಅಷ್ಟೇ. ಮಾರ್ಚಿಯಲ್ಲಿ ಒಂದು ಅಂಗಡಿಯ ಲೆಕ್ಕ ಬಿಟ್ಟುಕೊಟ್ಟೆ. ಇನ್ನೊಂದು ಇನ್ನೂ ನನ್ನ ಮೇಜಿನ ಮೇಲೇ ಇದೆ.