ಅಪೊಲ್ಲುವೋನನ ಹೆಸರು ಮತ್ತು ಸಭೆಯ ವಿವೇಚನೆ: ಕ್ರಿಪ್ಟೋಸ್ ತಂಡದ ಸಂಗೀತವನ್ನು ಕುರಿತು

ಅರಸೀಕೆರೆ, ಬೇಲೂರು, ಹಳೇಬೀಡುಗಳಂಥ ಊರುಗಳ ಸಣ್ಣ ಸಭೆಗಳಲ್ಲಿಯೂ ಈಗ ಯೌವನಸ್ಥರ ಕಿವಿಗೆ ಲೋಕದ ಎಲ್ಲ ಬಗೆಯ ಸಂಗೀತವೂ ಎಟಕುತ್ತದೆ. ಅದರಲ್ಲಿ ಹಿರಿಯರನ್ನು ಹೆಚ್ಚಾಗಿ ಕಳವಳಗೊಳಿಸುವಂಥದು ಹೆವಿ ಮೆಟಲ್. ತಲೆಬುರುಡೆಯ ಚಿತ್ರ, ಗರ್ಜಿಸುವ ಕಂಠ, ನರಕದ ಹೆಸರುಗಳು ಇವನ್ನು ಕಂಡೊಡನೆ ‘ಸೈತಾನನ ಸಂಗೀತ’ ಎಂಬ ತೀರ್ಪು ಹೊರಬೀಳುತ್ತದೆ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕೆಂಬ ಪೌಲನ ಬುದ್ಧಿವಾದಕ್ಕೆ (1 ಥೆಸಲೋನಿಕ 5:21) ಈ ಅವಸರದ ತೀರ್ಪು ಹೊಂದುವುದೇ? ಬೆಂಗಳೂರಿನ ಕ್ರಿಪ್ಟೋಸ್ ತಂಡದ ಕೃತಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿಪ್ಟೋಸ್ ತಂಡ ಹುಟ್ಟಿದ್ದು 1998ರಲ್ಲಿ. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಅದರ ಸ್ಥಾಪಕರು. ತಂಡದ ಹೆಸರು ಗ್ರೀಕ್ ಪದ. ‘ಗುಪ್ತವಾದದ್ದು’ ಎಂದು ಅದರ ಅರ್ಥ. ಅಂತರಂಗದಲ್ಲಿ ನಡೆಯುವುದನ್ನು ನೋಡುವ ತಂದೆಯ ವಿಷಯವಾಗಿ ಕರ್ತನು ಬೋಧಿಸಿದಾಗ (ಮತ್ತಾಯ 6:4) ಸುವಾರ್ತಿಕನು ಬಳಸಿದ್ದೂ ಇದೇ ಪದವನ್ನು. 2004ರ ‘ಸ್ಪೈರಲ್ ಅಸೆಂಟ್’ನಿಂದ 2021ರ ‘ಫೋರ್ಸ್ ಆಫ್ ಡೇಂಜರ್’ವರೆಗೆ ತಂಡದ ಆಲ್ಬಮ್‌ಗಳು ಸಾಲಾಗಿ ಬಂದಿವೆ. ಸಿನಿಮಾ ಸಂಗೀತವೇ ಆಳುವ ನಾಡಿನಲ್ಲಿ ಸಿನಿಮಾದ ಆಸರೆಯಿಲ್ಲದೆ ಬೆಳೆದ ಈ ಇಂಗ್ಲಿಷ್ ಗಾಯನದ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆಯನ್ನೇರಿತು. ಎರಡು ಗಿಟಾರುಗಳು ಜೊತೆಜೊತೆಯಾಗಿ ನುಡಿಯುವ ರಾಗಮಾಲೆ, ಒರಟು ಕಂಠ, ಓಡುವ ಲಯ ಇವು ಅದರ ಲಕ್ಷಣಗಳು. 1980ರ ದಶಕದ ಬ್ರಿಟಿಷ್ ಹೆವಿ ಮೆಟಲ್ಲಿನ ಋಣ ಇದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಈ ಸಂಗೀತವನ್ನು ಅದರ ಉಗ್ರ ದಾಯಾದಿಯಾದ ಬ್ಲ್ಯಾಕ್ ಮೆಟಲ್‌ನಿಂದ ಬೇರ್ಪಡಿಸಿ ನೋಡಬೇಕು. 1987ರಲ್ಲಿ ಅಥೆನ್ಸಿನಲ್ಲಿ ಟೋಲಿಸ್ ಸಹೋದರರು ಕಟ್ಟಿದ ರಾಟಿಂಗ್ ಕ್ರೈಸ್ಟ್ ಆ ಪ್ರಕಾರದ ಪ್ರಸಿದ್ಧ ತಂಡ. ‘ಕೊಳೆಯುತ್ತಿರುವ ಕ್ರಿಸ್ತ’ ಎಂಬ ಆ ಹೆಸರು, ಕ್ರಿಸ್ತನ ಶರೀರವು ಕೊಳೆಯಲಿಲ್ಲವೆಂದು ಪಂಚಾಶತ್ತಮ ದಿನದಲ್ಲಿ ಪೇತ್ರನು ಸಾರಿದ ಸಾಕ್ಷ್ಯಕ್ಕೆ (ಅಪೊಸ್ತಲರ ಕೃತ್ಯಗಳು 2:31) ನೇರವಾದ ಎದುರು ಮಾತು. ಕ್ರೈಸ್ತ ನಂಬಿಕೆಯನ್ನು ಅಪ್ಪಿಕೊಂಡಿದ್ದ ಮೆಗಾಡೆತ್ ತಂಡದ ಡೇವ್ ಮಸ್ಟೇನ್ 2005ರಲ್ಲಿ ಇವರೊಡನೆ ವೇದಿಕೆ ಹಂಚಿಕೊಳ್ಳಲು ಒಪ್ಪಲಿಲ್ಲ. ಆ ದೂಷಣೆಯನ್ನು ನಾವು ಸಮರ್ಥಿಸಲಾರೆವು. ಆದರೆ ಅದು ಹುಟ್ಟಿದ ನೆಲವನ್ನು ಅರಿಯಬಹುದು. ಗ್ರೀಸಿನ 1975ರ ಸಂವಿಧಾನವು ಆರ್ಥೊಡಾಕ್ಸ್ ಸಭೆಯ ಮತವನ್ನು ಆ ದೇಶದ ‘ಪ್ರಧಾನ ಧರ್ಮ’ವೆಂದು ಹೆಸರಿಸಿದೆ. ಪ್ರಬಲವಾದ ಸಭೆಯ ನೆರಳಿನಲ್ಲಿ ಎದ್ದ ಕೂಗು ಅದು. ಕರ್ನಾಟಕದಲ್ಲಿ, 2011ರ ಜನಗಣತಿಯಂತೆ, ಕ್ರೈಸ್ತರು ಶೇಕಡ 2ಕ್ಕಿಂತ ಕಡಿಮೆ. ಅದೇ ಕೂಗನ್ನು ಇಲ್ಲಿ ಎರವಲು ತಂದು ಎತ್ತಿದರೆ ಅದು ಬಲಾಢ್ಯರ ಎದುರಿನ ಪ್ರತಿಭಟನೆ ಎನಿಸಲಾರದು; ದುರ್ಬಲರ ಮೇಲಿನ ಮತ್ತೊಂದು ಕಲ್ಲಾದೀತು. ಕ್ರಿಪ್ಟೋಸ್ ಆ ಎರವಲನ್ನು ತನ್ನ ಗುರುತಾಗಿ ಮಾಡಿಕೊಳ್ಳಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ಅದು ತೆಗೆದುಕೊಂಡದ್ದು ಏನು? 2012ರ ಆಲ್ಬಮ್ಮಿನ ಹೆಸರು ‘ದಿ ಕಾಯಿಲ್ಸ್ ಆಫ್ ಅಪೊಲಿಯಾನ್’, ಅಂದರೆ ಅಪೊಲ್ಲುವೋನನ ಸುರುಳಿಗಳು. ಈ ಹೆಸರು ಪ್ರಕಟನೆ ಗ್ರಂಥದ್ದು (9:11): ಅಧೋಲೋಕದಿಂದ ಮಿಡತೆಗಳಂತೆ ಏಳುವ ದಂಡಿಗೆ ಅರಸನಾದ ನಾಶಕ. ಕನ್ನಡ ಕ್ರೈಸ್ತರಿಗೆ ಅವನು ಹೊಸಬನಲ್ಲ. ಮಿಶನರಿಗಳು 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ಬನ್ಯನನ ‘ಯಾತ್ರಿಕನ ಸಂಚಾರ’ದಲ್ಲಿ ಯಾತ್ರಿಕನು ಅರ್ಧ ದಿನಕ್ಕೂ ಮಿಕ್ಕು ಇವನೊಡನೆ ಹೋರಾಡಿ ತಲೆ, ಕೈ, ಕಾಲುಗಳಲ್ಲಿ ಗಾಯಗೊಳ್ಳುತ್ತಾನೆ. ನಮ್ಮ ಅಜ್ಜಂದಿರು ಓದಿದ ಹೆಸರನ್ನೇ ಮೊಮ್ಮಕ್ಕಳು ಗಿಟಾರಿನ ಸದ್ದಿನಲ್ಲಿ ಕೇಳುತ್ತಿದ್ದಾರೆ. ಹೆಸರು ಭಯಂಕರವೆಂಬ ಕಾರಣಕ್ಕೆ ಹಾಡನ್ನು ತಳ್ಳಿಹಾಕುವವನು ಪ್ರಕಟನೆಯ ಒಂಬತ್ತನೆಯ ಅಧ್ಯಾಯವನ್ನೂ ತಳ್ಳಿಹಾಕಬೇಕಾದೀತು.

ಭಯಂಕರ ರೂಪವನ್ನು ಎದುರಿಸುವ ಬಗೆಯನ್ನು ಈ ಸೀಮೆಯ ಜನ ಕಲ್ಲಿನಲ್ಲಿ ಕಂಡವರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಾಗಿಲಲ್ಲಿ ಕಪಾಲಗಳನ್ನು ಆಭರಣವಾಗಿ ಧರಿಸಿದ ದ್ವಾರಪಾಲಕರು ನಿಂತಿದ್ದಾರೆ. ಬಾಗಿಲಲ್ಲಿರುವುದೂ ಗರ್ಭಗುಡಿಯಲ್ಲಿರುವುದೂ ಒಂದೇ ಎಂದು ನೋಡುವವರಾರೂ ತಿಳಿಯರು. ಆ ಗುಡಿಯ ಆರಾಧನೆ ನಮ್ಮದಲ್ಲ. ಆದರೂ ಅದು ಕಲಿಸುವ ಭೇದ ವಿಮರ್ಶೆಗೆ ಉಪಯುಕ್ತ. ಯಾವುದೇ ಕೃತಿಯಲ್ಲಿ ಭಯಂಕರವು ಬಾಗಿಲಲ್ಲಿದೆಯೇ, ಒಳಗಿನ ಪೀಠದಲ್ಲಿದೆಯೇ ಎಂದು ನಾವು ಕೇಳಬೇಕು. ಪ್ರಕಟನೆಯಲ್ಲಿ ಅದು ಬಾಗಿಲಲ್ಲಿಯೇ ಉಳಿಯುತ್ತದೆ. ಕೂಪದ ಬೀಗದ ಕೈ ‘ಕೊಡಲ್ಪಟ್ಟದ್ದು’. ಮಿಡತೆಗಳಿಗೆ ಕೊಲ್ಲುವ ಅಪ್ಪಣೆಯಿಲ್ಲ. ಅವುಗಳ ಕಾಲ ಐದೇ ತಿಂಗಳು. ಸಿಂಹಾಸನದ ಬಳಿಯಲ್ಲಿರುವಾತನು ಕೊಯ್ಯಲ್ಪಟ್ಟ ಕುರಿಮರಿ.

ಕ್ರಿಪ್ಟೋಸ್ ಕೃತಿಯ ನಿಜವಾದ ಕೊರತೆ ಇಲ್ಲಿ ಕಾಣುತ್ತದೆ. ಅದು ನಾಶಕನನ್ನು ಪೀಠಕ್ಕೇರಿಸುವುದಿಲ್ಲ, ಪ್ರದರ್ಶನಕ್ಕಿಡುತ್ತದೆ. ಅದೇ ಆಲ್ಬಮ್ಮಿನ ಶೀರ್ಷಿಕೆಗಳಲ್ಲಿ ಈಜಿಪ್ಟಿನ ಅನೂಬಿಸನೂ, ದಾಂತೆಯ ನರಕದ ನಗರಿಯಾದ ಡಿಸ್ ಕೂಡ ಅವನ ಪಕ್ಕದಲ್ಲಿ ಸಾಲಾಗಿ ನಿಂತಿವೆ. ಮೂರೂ ಗಾಂಭೀರ್ಯದ ಸೊಗಸಾದ ಪದಗಳಾಗುತ್ತವೆ. ಯಾರ ಭಯ, ಯಾರಿಂದ ಬಂದ ಭಯ ಎಂಬುದು ಅಳಿಸಿಹೋಗುತ್ತದೆ. ಯೋಹಾನನು ಬರೆದದ್ದು ರೋಮ್ ಸಾಮ್ರಾಜ್ಯದ ಕಾಲಡಿಯಲ್ಲಿದ್ದ ಸಣ್ಣ ಸಭೆಗಳಿಗೆ. ಅವರಿಗೆ ನಾಶಕನೆಂದರೆ ನಾಳೆ ಬಾಗಿಲು ತಟ್ಟಬಹುದಾದ ಅಧಿಕಾರ. ಹದಿನಾಲ್ಕನೆಯ ಶತಮಾನದ ದಂಡಯಾತ್ರೆಗಳಲ್ಲಿ ಹಾಳಾದ ದೋರಸಮುದ್ರವು ‘ಹಳೆಯ ಬೀಡು’ ಎಂಬ ಹೆಸರನ್ನು ಇಂದಿಗೂ ಹೊತ್ತಿದೆ. ಇಂಥ ನೆಲದಲ್ಲಿ ನಾಶವನ್ನು ಬರಿಯ ಕಲ್ಪನಾವಿಲಾಸವಾಗಿ ಹಾಡುವುದು ಸುಲಭವಾಗಬಾರದು. ಗಿಟಾರಿನ ರಾಗಗಳಲ್ಲಿ ತಂಡ ತೋರುವ ಶ್ರದ್ಧೆ ಹೆಸರುಗಳ ಆಯ್ಕೆಯಲ್ಲಿ ಸಡಿಲವಾಗಿದೆ.

ಆದರೂ ಈ ಆಕ್ಷೇಪ ಸಭೆಯ ಕಡೆಗೂ ತಿರುಗುತ್ತದೆ. ನಮ್ಮ ಆರಾಧನೆಯಲ್ಲಿ ಸ್ತೋತ್ರಗೀತೆಗಳು ತುಂಬಿವೆ. ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಗೆ ಸ್ಥಳ ಸಿಗುವುದು ಅಪರೂಪ. ಪ್ರಕಟನೆಯಿಂದ ಹೊಸ ಯೆರೂಸಲೇಮನ್ನು ಓದುತ್ತೇವೆ, ಮಿಡತೆಗಳನ್ನು ದಾಟಿಹೋಗುತ್ತೇವೆ. ಸಂಗೀತಗಾರರು ಪ್ರತಿಮೆಯನ್ನು ಇಟ್ಟುಕೊಂಡು ವಾಗ್ದಾನವನ್ನು ಬಿಟ್ಟಿದ್ದರೆ, ನಾವು ವಾಗ್ದಾನವನ್ನು ಇಟ್ಟುಕೊಂಡು ಪ್ರತಿಮೆಯನ್ನು ಬಿಟ್ಟಿದ್ದೇವೆ. ತನ್ನ ಭಯಕ್ಕೂ ಕೋಪಕ್ಕೂ ಸಭೆಯಲ್ಲಿ ದನಿ ಸಿಗದ ಯುವಕನು ಅದನ್ನು ಬೇರೆಡೆ ಹುಡುಕಿದರೆ ಆಶ್ಚರ್ಯವಿಲ್ಲ.

ಆದಕಾರಣ ಸಭಾಪಾಲಕರು ನಿಷೇಧದಿಂದ ತೊಡಗುವುದಕ್ಕಿಂತ ಓದಿನಿಂದ ತೊಡಗುವುದು ಉಚಿತ. ಯೌವನಸ್ಥರ ಕೂಟದಲ್ಲಿ ಪ್ರಕಟನೆ 9ನ್ನು ಪೂರ್ತಿಯಾಗಿ ಓದಲಿ. ಬಳಿಕ ಹಾಡನ್ನೂ ಕೇಳಲಿ. ಬೀಗದ ಕೈಯನ್ನು ಕೊಟ್ಟವರಾರು, ಐದು ತಿಂಗಳ ಗಡುವನ್ನು ಇಟ್ಟವರಾರು ಎಂಬ ಎರಡು ಪ್ರಶ್ನೆಗಳನ್ನು ಎರಡಕ್ಕೂ ಹಾಕಲಿ. ಹಾಡಿನಲ್ಲಿ ಉತ್ತರ ದೊರೆಯದಿರುವುದನ್ನು ಅವರೇ ಕಂಡುಕೊಂಡಾರು.