ದೋಷಪಟ್ಟಿ ಹೇಳದೆ ಬಿಡುವ ಮಾತು: ದೋಣಿಯ ಸ್ಟರ್ನ್ ಡ್ರೈವ್‌ನಲ್ಲಿ ಕಂಪನ ಮತ್ತು ಗಿಯರ್ ಸವೆತ

ಯಂತ್ರಗಳ ದುರಸ್ತಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದು ಕೋಷ್ಟಕ ಇರುತ್ತದೆ. ಎಡಗಡೆ ‘ತೊಂದರೆ’, ನಡುವೆ ‘ಸಂಭವನೀಯ ಕಾರಣ’, ಬಲಗಡೆ ‘ಪರಿಹಾರ’. ಮೋಟಾರು ದೋಣಿಗಳ ಸ್ಟರ್ನ್ ಡ್ರೈವ್‌ಗೂ ಇಂಥ ಪಟ್ಟಿಗಳಿವೆ. ‘ಅತಿಯಾದ ಕಂಪನ’ ಎಂಬುದರ ಎದುರು ಪ್ರೊಪೆಲರ್‌ನ ಅಲಗು ಬಾಗಿರುವುದು, ಶಾಫ್ಟ್ ಡೊಂಕಾಗಿರುವುದು, ಬೇರಿಂಗ್ ಸವೆದಿರುವುದು, ಎಂಜಿನ್ನಿನ ಜೋಡಣೆ ತಪ್ಪಿರುವುದು, ಗಿಯರ್ ಹಲ್ಲು ಹಾಳಾಗಿರುವುದು ಎಂದು ಕಾರಣಗಳು ಒಂದರ ಕೆಳಗೊಂದು ಬರುತ್ತವೆ. ಪ್ರತಿಯೊಂದೂ ಸರಿಯೇ. ಆದರೆ ಐದರಲ್ಲಿ ಯಾವುದು ಎಂದು ತಿಳಿಯುವುದು ಹೇಗೆ? ಇಂಥ ಪಟ್ಟಿ ಅದನ್ನು ಹೇಳುವುದಿಲ್ಲ. ಈ ಕೊರತೆಯನ್ನು ತುಂಬಲು ಪ್ರೌಢಶಾಲೆಯ ಭೌತವಿಜ್ಞಾನ ಬಹುಮಟ್ಟಿಗೆ ಸಾಕು ಎಂಬುದೇ ಈ ಲೇಖನದ ವಾದ.

ಮೊದಲು ಯಂತ್ರದ ಪರಿಚಯ. ಮಲ್ಪೆ, ಮಂಗಳೂರುಗಳ ದೊಡ್ಡ ಮೀನುಗಾರಿಕಾ ದೋಣಿಗಳಲ್ಲಿ ಎಂಜಿನ್ ಒಳಗಿದ್ದು, ನೇರವಾದ ಶಾಫ್ಟ್ ದೋಣಿಯ ತಳದಿಂದ ಹೊರಬಂದು ಪ್ರೊಪೆಲರನ್ನು ತಿರುಗಿಸುತ್ತದೆ. ಚಿಕ್ಕ ದೋಣಿಗಳಲ್ಲಿ ಎಂಜಿನ್ ಸಮೇತ ಎಲ್ಲವೂ ಹಿಂಬದಿಯಲ್ಲಿ ಹೊರಗೆ ತೂಗುತ್ತದೆ. ಸ್ಟರ್ನ್ ಡ್ರೈವ್ ಇವೆರಡರ ನಡುವಿನದು. ಎಂಜಿನ್ ಒಳಗೆ, ಗಿಯರ್ ಮತ್ತು ಪ್ರೊಪೆಲರ್ ಇರುವ ‘ಕಾಲು’ ಹೊರಗೆ. ಸ್ವೀಡನ್ನಿನ ವೋಲ್ವೊ ಪೆಂಟಾ ಸಂಸ್ಥೆ 1959ರಲ್ಲಿ ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ವಿಹಾರ ದೋಣಿಗಳಲ್ಲಿ ಇದು ಬಳಕೆಗೆ ಬಂತು. ಎಂಜಿನ್ನಿನಿಂದ ಅಡ್ಡಲಾಗಿ ಬರುವ ಶಕ್ತಿ ಯೂನಿವರ್ಸಲ್ ಜಾಯಿಂಟನ್ನು ದಾಟಿ, ಮೇಲಿನ ಬೆವೆಲ್ ಗಿಯರ್‌ಗಳಲ್ಲಿ ಕೆಳಮುಖವಾಗಿ ತಿರುಗಿ, ಲಂಬ ಶಾಫ್ಟಿನಲ್ಲಿ ಇಳಿದು, ಕೆಳಗಿನ ಬೆವೆಲ್ ಗಿಯರ್‌ಗಳಲ್ಲಿ ಮತ್ತೆ ಅಡ್ಡಲಾಗಿ ತಿರುಗಿ ಪ್ರೊಪೆಲರನ್ನು ತಲಪುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ, ಅಂದರೆ ಸೆಕೆಂಡಿಗೆ 50. ಲಂಬ ಶಾಫ್ಟೂ ಅದೇ ವೇಗದಲ್ಲಿ ತಿರುಗುತ್ತದೆ ಎಂದು ಭಾವಿಸೋಣ. ಕೆಳಗಿನ ಚಿಕ್ಕ ಗಿಯರ್‌ಗೆ 14, ದೊಡ್ಡದಕ್ಕೆ 28 ಹಲ್ಲುಗಳಿದ್ದರೆ ಪ್ರೊಪೆಲರ್ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಪ್ರೊಪೆಲರ್‌ನ ಅಸಮತೋಲ ಅಥವಾ ಅದರ ಶಾಫ್ಟಿನ ಡೊಂಕು 25 ಹರ್ಟ್ಸ್ ಆವೃತ್ತಿಯಲ್ಲಿ ಕಾಣಿಸಬೇಕು. ಮೂರು ಅಲಗುಗಳಿದ್ದರೆ ನೀರಿನ ಹೊಡೆತ 75 ಹರ್ಟ್ಸ್‌ನಲ್ಲಿ, ಯೂನಿವರ್ಸಲ್ ಜಾಯಿಂಟಿನ ದೋಷ ಪ್ರತಿ ಸುತ್ತಿಗೆ ಎರಡು ಬಾರಿ ಬರುವುದರಿಂದ 100 ಹರ್ಟ್ಸ್‌ನಲ್ಲಿ, ಕೆಳಗಿನ ಗಿಯರ್ ಹಲ್ಲುಗಳ ಕೂಡಿಕೆ 25 × 28 = 700 ಹರ್ಟ್ಸ್‌ನಲ್ಲಿ. ಕೋಷ್ಟಕದಲ್ಲಿ ಒಂದೇ ಗುಂಪಿನಲ್ಲಿದ್ದ ಕಾರಣಗಳು ಹೀಗೆ ತಾವಾಗಿಯೇ ಬೇರೆ ಬೇರೆ ಮನೆಗಳಿಗೆ ಹೋಗುತ್ತವೆ.

ಯೂನಿವರ್ಸಲ್ ಜಾಯಿಂಟಿನ ವಿಷಯದಲ್ಲಿ ಇನ್ನೊಂದು ಸುಳಿವಿದೆ. ಇಂಥ ಒಂಟಿ ಜಾಯಿಂಟ್ ಬಾಗಿದ್ದಾಗ, ಒಳಬರುವ ಶಾಫ್ಟ್ ಸಮವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಫ್ಟಿನ ವೇಗ ಏರಿಳಿಯುತ್ತದೆ. 20 ಡಿಗ್ರಿ ಬಾಗಿದರೆ ವೇಗ ಒಮ್ಮೆ ಸುಮಾರು 6 ಶೇಕಡ ಹೆಚ್ಚುತ್ತದೆ, ಒಮ್ಮೆ ಅಷ್ಟೇ ತಗ್ಗುತ್ತದೆ. ಎರಡು ಜಾಯಿಂಟ್‌ಗಳು ಸಮಕೋನದಲ್ಲಿ ಬಾಗುವಂತೆ ಸರಿಯಾಗಿ ಜೋಡಿಸಿದಾಗ ಮಾತ್ರ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಆದ್ದರಿಂದ ನೇರ ಸಾಗುವಾಗ ಸುಮ್ಮನಿದ್ದು, ದೋಣಿ ತಿರುಗಿದಾಗ ಮಾತ್ರ ಸದ್ದು ಎದ್ದರೆ ಮೊದಲು ಜಾಯಿಂಟನ್ನೂ ಅದರ ಹತ್ತಿರದ ಬೇರಿಂಗನ್ನೂ ನೋಡಬೇಕು, ಗಿಯರನ್ನಲ್ಲ. ಜಾಯಿಂಟನ್ನು ಸುತ್ತಿಕೊಂಡಿರುವ ರಬ್ಬರಿನ ಮಡಿಕೆ ಚೀಲವನ್ನೂ ಪರೀಕ್ಷಿಸಬೇಕು. ಅದು ಹರಿದರೆ ಬೇರಿಂಗ್ ತುಕ್ಕು ಹಿಡಿಯುವುದಷ್ಟೇ ಅಲ್ಲ, ದೋಣಿಯೊಳಕ್ಕೇ ನೀರು ನುಗ್ಗಬಹುದು.

ಪಟ್ಟಿ ಬಿಟ್ಟಿರುವ ಇನ್ನೊಂದು ಪ್ರಶ್ನೆ: ವೇಗ ಬದಲಿಸಿದಾಗ ಕಂಪನ ಹೇಗೆ ಬದಲಾಗುತ್ತದೆ? ಅಸಮತೋಲದ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಹಾಗಾಗದೆ ಯಾವುದೋ ಒಂದು ವೇಗದಲ್ಲಿ ಮಾತ್ರ ಅದುರಿ, ಅದನ್ನು ದಾಟಿದೊಡನೆ ಶಾಂತವಾದರೆ ಅದು ಅನುರಣನದ ಲಕ್ಷಣ. ಎಂಜಿನ್ ಮಂದಗತಿಯಲ್ಲಿ ಓಡುವಾಗ ಕೇಳುವ ಕಟಕಟ ಸದ್ದು ಮತ್ತೊಂದು ಬಗೆಯದು. ಸಿಲಿಂಡರುಗಳಲ್ಲಿ ಇಂಧನ ಉರಿದಂತೆ ತಿರುಚು ಬಲ ಬಿಟ್ಟು ಬಿಟ್ಟು ಬರುತ್ತದೆ. ಹೊರೆ ಇಲ್ಲದ ಹಲ್ಲುಗಳು ತಮ್ಮ ನಡುವಿನ ಸಂದಿನಲ್ಲಿ ಹಿಂದೆ ಮುಂದೆ ಬಡಿಯುತ್ತವೆ. ಹೊರೆ ಬಿದ್ದೊಡನೆ ನಿಲ್ಲುವ ಈ ಸದ್ದನ್ನು ಕೇಳಿ ಗಿಯರ್ ಪೆಟ್ಟಿಗೆ ಬಿಚ್ಚುವುದು ದುಂದುವೆಚ್ಚ.

ಪಟ್ಟಿಯ ಅತಿ ದೊಡ್ಡ ದೋಷ ಬೇರೆಯೇ ಇದೆ. ಅದು ಕಾರಣವನ್ನೂ ಪರಿಣಾಮವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಪ್ರೊಪೆಲರ್ ಬಂಡೆಗೆ ತಾಗಿ ಶಾಫ್ಟ್ ತುಸುವೇ ಡೊಂಕಾಯಿತು ಎನ್ನೋಣ. ಆಗ ಗಿಯರ್ ಹಲ್ಲುಗಳು ಪ್ರತಿ ಸುತ್ತಿನಲ್ಲೂ ಒಮ್ಮೆ ಆಳವಾಗಿ, ಒಮ್ಮೆ ಮೇಲುಮೇಲಕ್ಕೆ ಕೂಡುತ್ತವೆ. ರೋಹಿತದಲ್ಲಿ 700 ಹರ್ಟ್ಸ್‌ನ ಇಕ್ಕೆಲಗಳಲ್ಲಿ 675 ಮತ್ತು 725 ಹರ್ಟ್ಸ್‌ಗಳ ಪಕ್ಕರೇಖೆಗಳು ಮೂಡುತ್ತವೆ. 25ರ ಆ ಅಂತರ ತಪ್ಪು ಪ್ರೊಪೆಲರ್ ಶಾಫ್ಟಿನ ಕಡೆಗಿದೆ ಎನ್ನುತ್ತದೆ. ಅಂತರ 50 ಇದ್ದರೆ ಚಿಕ್ಕ ಗಿಯರಿನ ಕಡೆಗೆ ಬೆರಳು ತೋರುತ್ತದೆ. ಇದನ್ನು ನೋಡದೆ ‘ಗಿಯರ್ ಸವೆದಿದೆ, ಬದಲಿಸಿ’ ಎಂಬ ಪರಿಹಾರವನ್ನು ಪಾಲಿಸಿದರೆ ಹೊಸ ಗಿಯರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇಲ್ಲಿ ಗಿಯರ್ ಅಪರಾಧಿಯಲ್ಲ, ಪೆಟ್ಟು ತಿಂದದ್ದು.

ಎಣ್ಣೆಯ ಸಾಕ್ಷ್ಯವನ್ನೂ ಕೇಳಬೇಕು. ಕಾಂತವಿರುವ ಬಿರಡೆಗೆ ಅಂಟಿದ ನುಣ್ಣನೆಯ ಬೂದು ಲೇಪ ಸಹಜ ಸವೆತದ್ದು. ಚಕ್ಕೆ, ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಸೋರಿ ನೀರು ಬೆರೆತಿದೆ. ನೀರು ಬೆರೆತ ಎಣ್ಣೆಯ ಪೊರೆ ಹಲ್ಲುಗಳನ್ನು ಸರಿಯಾಗಿ ಬೇರ್ಪಡಿಸಲಾರದು. ಅಲ್ಲಿ ರೋಗ ಸೀಲಿನದು, ಸವೆತ ಅದರ ಫಲ.

ಪಟ್ಟಿಯ ಪರವಾಗಿಯೂ ಒಂದು ಮಾತು ಹೇಳಬೇಕು. ದಡದಲ್ಲಿ ನಿಂತ ಮೆಕ್ಯಾನಿಕ್‌ನ ಬಳಿ ರೋಹಿತ ತೋರುವ ಉಪಕರಣ ಇರುವುದಿಲ್ಲ. ಪ್ರೊಪೆಲರ್ ಬಿಚ್ಚಿ ನೋಡುವಂಥ ಅಗ್ಗದ ಪರೀಕ್ಷೆಯಿಂದ ಆರಂಭಿಸುವ ಪಟ್ಟಿ ಅವನಿಗೆ ನೆರವಾಗುತ್ತದೆ. ಆಕ್ಷೇಪ ಪಟ್ಟಿ ಇರುವುದಕ್ಕಲ್ಲ. ‘ಯಾವಾಗ, ಯಾವ ವೇಗದಲ್ಲಿ, ತಿರುವಿನಲ್ಲೋ ನೇರದಲ್ಲೋ, ಹೊರೆಯಲ್ಲೋ ಬರಿದಾಗಿಯೋ’ ಎಂಬ ಇನ್ನೊಂದು ಕಂಬಸಾಲು ಅದರಲ್ಲಿ ಇಲ್ಲದಿರುವುದಕ್ಕೆ.

ಶಿಕ್ಷಕರಿಗೆ ಇಲ್ಲಿ ಒಳ್ಳೆಯ ಪಾಠವಿದೆ. 14 ಮತ್ತು 28 ಹಲ್ಲುಗಳಿದ್ದರೆ ಒಂದು ಕೆಟ್ಟ ಹಲ್ಲು ಎದುರಿನ ಅದೇ ಎರಡು ಹಲ್ಲುಗಳನ್ನು ಸದಾ ಬಡಿಯುತ್ತದೆ. 13 ಮತ್ತು 28 ಇದ್ದರೆ ಸವೆತ ಎಲ್ಲಕ್ಕೂ ಹಂಚಿಹೋಗುತ್ತದೆ. ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳ ಉಪಯೋಗ ಇದು. ಶಾಲೆಯ ಹೊಲಿಗೆ ಯಂತ್ರವನ್ನೋ ಫ್ಯಾನನ್ನೋ ಮೊಬೈಲ್ ಫೋನಿನಿಂದ ಪರೀಕ್ಷಿಸಬಹುದು. ಒಂದು ಎಚ್ಚರಿಕೆ: ಫೋನಿನ ವೇಗೋತ್ಕರ್ಷ ಮಾಪಕ ಸೆಕೆಂಡಿಗೆ 200 ಬಾರಿ ಅಳೆದರೆ 100 ಹರ್ಟ್ಸ್‌ಗಿಂತ ಮೇಲಿನದನ್ನು ಸರಿಯಾಗಿ ತೋರಿಸಲಾರದು. ಹಲ್ಲುಗಳ ಸದ್ದಿಗೆ ಮೈಕ್ರೊಫೋನೇ ಬೇಕು.

ಕಂಪನ ರೋಗವಲ್ಲ, ರೋಗಲಕ್ಷಣ. ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ವೈದ್ಯರನ್ನು ನಾವು ಒಪ್ಪುವುದಿಲ್ಲ. ಯಂತ್ರಕ್ಕೂ ಆ ನ್ಯಾಯ ಸಲ್ಲಬೇಕು.